ಪಂಪು ಸರಿಯಿತ್ತು, ಅರ್ಥ್ ಕೆಟ್ಟಿತ್ತು

ಹಳೆಯ ಟ್ರಕ್ಕು ಏರಿನಲ್ಲಿ ಮುಗ್ಗರಿಸಿದರೆ, ಸಿಗ್ನಲ್ಲಿನಲ್ಲಿ ಆಫ್ ಆಗಿ ಮತ್ತೆ ಹೊರಡದೆ ಹಟ ಹಿಡಿದರೆ, ಮಿಶಿಗನ್ನಿನ ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುವುದು ಒಂದೇ: ಫ್ಯೂಯಲ್ ಪಂಪ್ ಹೋಗಿದೆ, ಹೊಸದು ಹಾಕಿಸು. ನೆರೆಮನೆಯ ಹಿರಿಯರೂ ಅದನ್ನೇ ಮಾಡಿದ್ದರು. ಅವರು ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ 1994ರ ಷೆವರ್ಲೆ ಸಿ1500 ಪಿಕಪ್ಪಿಗೆ ಹೆಂಡತಿಗಿಂತ ಹೆಚ್ಚು ಉಪಚಾರ ಎಂದು ಆ ಹೆಂಡತಿಯೇ ದೂರುತ್ತಾರೆ. ಗ್ಯಾರೇಜೊಂದರಲ್ಲಿ ನೂರಾರು ಡಾಲರ್ ತೆತ್ತು ಹೊಸ ಪಂಪು ಕೂರಿಸಿಕೊಂಡು ಬಂದರು. ಚಳಿಗಾಲ ಕಳೆಯುವುದರೊಳಗೆ ಅದೇ ಮುಗ್ಗರಿಕೆ, ಅದೇ ಹಟ. ಗ್ಯಾರೇಜಿನವರು ಇನ್ನೊಂದು ಪಂಪು ಹಾಕೋಣ ಎಂದಾಗ ಮುದುಕರಿಗೆ ರೇಗಿತು, ನನ್ನನ್ನು ಕೇಳಿದರು.

ನಾನು ತಿಪಟೂರಿನವಳು. ನಮ್ಮ ಸೋದರಮಾವನಿಗೆ ಹೈವೇ ಪಕ್ಕ ಆಟೋ ಎಲೆಕ್ಟ್ರಿಕಲ್ ಅಂಗಡಿ ಇತ್ತು. ಶಾಲೆಗೆ ರಜೆ ಬಂತೆಂದರೆ ನಾನು ಅಲ್ಲಿನ ಸ್ಟೂಲಿನ ಮೇಲೆ. ಈಗ ಡೆಟ್ರಾಯಿಟಿನ ಹತ್ತಿರ ವಾಹನಗಳ ವೈರಿಂಗ್ ವಿನ್ಯಾಸ ಮಾಡುವ ಕೆಲಸ. ಆಫೀಸಿನಲ್ಲಿ ಇಡೀ ದಿನ ಕಂಪ್ಯೂಟರ್ ಪರದೆಯ ಮೇಲಿನ ವೈರುಗಳನ್ನು ನೋಡುವವಳಿಗೆ ಭಾನುವಾರ ನಿಜವಾದ ವೈರು ಕೈಗೆ ಸಿಕ್ಕರೆ ಬಿಡಲು ಮನಸ್ಸಾಗುವುದಿಲ್ಲ.

ನಮ್ಮೂರ ಕಡೆ ಟ್ರಕ್ಕು ಎಂದರೆ ಲಾರಿ. ಅಲ್ಲಿ ಡೀಸೆಲ್ ಎಂಜಿನ್ನು, ಹಳೆಯ ಲಾರಿಯಲ್ಲಿ ಎಣ್ಣೆ ತಳ್ಳುವ ಪಂಪನ್ನು ಎಂಜಿನ್ನೇ ತಿರುಗಿಸುತ್ತದೆ. ಕಾರ್ಬ್ಯುರೇಟರ್ ಕಾಲದ ಮಾರುತಿ 800ರಲ್ಲೂ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿತ್ತು, ಅದಕ್ಕೆ ವೈರೇ ಇರಲಿಲ್ಲ. ಅಮೆರಿಕದ ಈ ಪಿಕಪ್ಪುಗಳು ಪೆಟ್ರೋಲಿನವು, ಫ್ಯೂಯಲ್ ಇಂಜೆಕ್ಷನ್ನಿನವು. ಇಂಜೆಕ್ಟರಿನ ಬಾಯಿಗೆ ಪೆಟ್ರೋಲು ಸದಾ ಒಂದೇ ಒತ್ತಡದಲ್ಲಿ ಬರುತ್ತಿರಬೇಕು. ಅದಕ್ಕಾಗಿ ಟ್ಯಾಂಕಿನೊಳಗೇ ಪುಟ್ಟ ವಿದ್ಯುತ್ ಮೋಟಾರು ಇಟ್ಟಿದ್ದಾರೆ. 1988ರಿಂದ 1995ರವರೆಗಿನ ಷೆವರ್ಲೆ ಪಿಕಪ್ಪುಗಳ ಪೆಟ್ರೋಲ್ ಎಂಜಿನ್ನಿಗೆ ಬೇಕಾದದ್ದು ಬರೀ 9ರಿಂದ 13 ಪಿಎಸ್‌ಐ, ಕಾರಿನ ಟೈರಿನ ಗಾಳಿಗಿಂತಲೂ ಕಡಿಮೆ. 1996ರಲ್ಲಿ ಬಂದ ವೋರ್ಟೆಕ್ ಎಂಜಿನ್ನುಗಳಿಗೆ 60ರ ಮೇಲೆ ಬೇಕು. ಅವುಗಳಲ್ಲಿ ಒತ್ತಡ ಸ್ವಲ್ಪ ತಗ್ಗಿದರೂ ಎಂಜಿನ್ ಏಳುವುದೇ ಇಲ್ಲ.

ಪೆಟ್ರೋಲಿನೊಳಗೆ ಮೋಟಾರು ಮುಳುಗಿಸಿದರೆ ಬೆಂಕಿ ಹತ್ತುವುದಿಲ್ಲವೇ? ಕೇಳದವರಿಲ್ಲ. ಹತ್ತುವುದಿಲ್ಲ. ಪೆಟ್ರೋಲಿನ ಆವಿ ಉರಿಯಬೇಕಾದರೆ ಗಾಳಿಯಲ್ಲಿ ಅದು ಸುಮಾರು ಶೇ 1.4ರಿಂದ 7.6ರಷ್ಟು ಬೆರೆತಿರಬೇಕು. ಪಂಪಿನ ಹೊಟ್ಟೆಯಲ್ಲಿರುವುದು ಬರೀ ಪೆಟ್ರೋಲು, ಗಾಳಿಗೆ ಜಾಗವಿಲ್ಲ. ಬ್ರಷ್ಷಿನ ಹತ್ತಿರ ಕಿಡಿ ಹಾರಿದರೂ ಉರಿಯಲು ಬೇಕಾದ ಆಮ್ಲಜನಕವಿಲ್ಲ. ಮೋಟಾರಿನ ಬಿಸಿಯನ್ನು ಹೊತ್ತೊಯ್ಯುವುದೂ ಅದೇ ಪೆಟ್ರೋಲು. ಟ್ಯಾಂಕನ್ನು ಯಾವಾಗಲೂ ತಳ ಕಾಣುವವರೆಗೆ ಓಡಿಸುವವರ ಪಂಪು ಬೇಗ ಸುಡುವುದು ಇದಕ್ಕೇ.

ಇನ್ನು ಕರೆಂಟಿನ ದಾರಿ. ಬ್ಯಾಟರಿಯಿಂದ ಹೊರಟು ಫ್ಯೂಸು, ಅಲ್ಲಿಂದ ರಿಲೇ, ರಿಲೇಯಿಂದ ಚಾಸಿಯ ಉದ್ದಕ್ಕೂ ಹಿಂದಕ್ಕೆ ಓಡುವ ವೈರು, ಟ್ಯಾಂಕಿನ ಬಳಿ ಕನೆಕ್ಟರು, ಆಮೇಲೆ ಪಂಪು. ಬಹಳ ಜನ ಲೆಕ್ಕ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಬಂದ ಕರೆಂಟು ವಾಪಸು ಹೋಗಲೂಬೇಕಲ್ಲ. ಪಂಪಿನಿಂದ ಹೊರಬರುವ ಕಪ್ಪು ವೈರು ಚಾಸಿಗೆ ಬೋಲ್ಟ್ ಆಗಿರುತ್ತದೆ; ಚಾಸಿಯ ಕಬ್ಬಿಣದ ಮೂಲಕ ಕರೆಂಟು ಬ್ಯಾಟರಿಯ ನೆಗೆಟಿವ್ ಸೇರುತ್ತದೆ. ನಮ್ಮ ಕಡೆಯ ಮೆಕ್ಯಾನಿಕ್‌ಗಳು ಬಾಡಿ ಅರ್ಥ್ ಎನ್ನುವುದು ಇದನ್ನೇ.

ರಿಲೇಗೆ ಅಪ್ಪಣೆ ಕೊಡುವುದು ಎಂಜಿನ್ನಿನ ಕಂಪ್ಯೂಟರು. ಕೀ ಆನ್ ಮಾಡಿದ ಕೂಡಲೇ ಪಂಪನ್ನು ಎರಡು ಸೆಕೆಂಡು ಓಡಿಸಿ ನಿಲ್ಲಿಸುತ್ತದೆ. ಎಂಜಿನ್ ತಿರುಗುತ್ತಿದೆ ಎಂಬ ಸಂಕೇತ ಡಿಸ್ಟ್ರಿಬ್ಯೂಟರಿನಿಂದ ಬಂದರೆ ಮತ್ತೆ ಓಡಿಸುತ್ತದೆ. ಅಪಘಾತವಾಗಿ ಎಂಜಿನ್ ನಿಂತರೆ ಒಡೆದ ಪೈಪಿನಿಂದ ಪೆಟ್ರೋಲು ಸುರಿಯುತ್ತಲೇ ಇರಬಾರದು ಎಂಬ ಮುನ್ನೆಚ್ಚರಿಕೆ ಇದು. ಮೊದಲ ಪರೀಕ್ಷೆಗೆ ಇಷ್ಟು ಸಾಕು: ಒಬ್ಬರು ಕೀ ತಿರುಗಿಸಲಿ, ಇನ್ನೊಬ್ಬರು ಪೆಟ್ರೋಲ್ ಹಾಕುವ ಮುಚ್ಚಳ ತೆಗೆದು ಕಿವಿ ಇಡಲಿ. ಎರಡು ಸೆಕೆಂಡು ಗುಂಯ್ ಎಂದರೆ ಫ್ಯೂಸು, ರಿಲೇ, ಕಂಪ್ಯೂಟರು ಮೂರೂ ತಮ್ಮ ಕೆಲಸ ಮಾಡಿವೆ. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸು ನೋಡಿ, ಆಮೇಲೆ ಅದೇ ಮಾದರಿಯ ಬೇರೆ ರಿಲೇ ಹಾಕಿ ನೋಡಿ. ರಿಲೇ ಟಕ್ ಎಂದಿತು ಎಂದಮಾತ್ರಕ್ಕೆ ನಂಬಬೇಡಿ. ಟಕ್ ಎನ್ನುವುದು ಒಳಗಿನ ಸುರುಳಿ ಎಳೆದ ಸದ್ದು. ಸುಟ್ಟು ಕಪ್ಪಾದ ಕಾಂಟ್ಯಾಕ್ಟು ಕರೆಂಟು ದಾಟಿಸಿತೋ ಇಲ್ಲವೋ ಅದು ಹೇಳುವುದಿಲ್ಲ.

ಈ ಷೆವರ್ಲೆಗಳಲ್ಲಿ ಒಂದು ಕಳ್ಳದಾರಿಯೂ ಇದೆ, ನನಗೆ ಬಹಳ ಇಷ್ಟವಾದದ್ದು. ರಿಲೇಗೆ ಸಮಾನಾಂತರವಾಗಿ ಎಂಜಿನ್ ಆಯಿಲಿನ ಒತ್ತಡಕ್ಕೆ ಸ್ಪಂದಿಸುವ ಸ್ವಿಚ್ಚೊಂದನ್ನು ಜೋಡಿಸಿದ್ದಾರೆ. ರಿಲೇ ಸತ್ತರೂ, ಸೆಲ್ಫ್ ಹೊಡೆಯುತ್ತಲೇ ಇದ್ದರೆ ಆಯಿಲಿನ ಒತ್ತಡ ಏರಿ ಆ ಸ್ವಿಚ್ಚಿನ ಮೂಲಕ ಪಂಪಿಗೆ ಕರೆಂಟು ಸಿಗುತ್ತದೆ. ಬೆಳಗ್ಗೆ ಗಾಡಿ ತುಂಬಾ ಹೊತ್ತು ಸೆಲ್ಫ್ ತಿಂದು ಆಮೇಲೆ ಏನೂ ಆಗದಂತೆ ಓಡುತ್ತಿದ್ದರೆ ಅನುಮಾನ ರಿಲೇಯ ಮೇಲಿರಲಿ. ಅದೇ ಕಾಲದ ಫೋರ್ಡ್ ಪಿಕಪ್ಪುಗಳಲ್ಲಿ ಚೇಷ್ಟೆ ಬೇರೆ ಥರ. ಅವುಗಳಲ್ಲಿ ಕಾಲಿಡುವ ಜಾಗದ ಹತ್ತಿರ ಇನರ್ಷಿಯಾ ಸ್ವಿಚ್ ಇರುತ್ತದೆ: ಆಯಸ್ಕಾಂತ ಹಿಡಿದಿಟ್ಟ ಉಕ್ಕಿನ ಗುಂಡು, ಜೋರಾಗಿ ಗುದ್ದಿದರೆ ಕಳಚಿಕೊಂಡು ಪಂಪಿನ ಕರೆಂಟು ಕತ್ತರಿಸುತ್ತದೆ. ಕೆಟ್ಟ ಗುಂಡಿಗೆ ಚಕ್ರ ಇಳಿದರೂ ಒಮ್ಮೊಮ್ಮೆ ಕಳಚುವುದುಂಟು. ಸ್ವಿಚ್ಚಿನ ಮೇಲಿನ ಬಟನ್ ಒತ್ತಿದರೆ ಮುಗಿಯಿತು. ಅದು ಗೊತ್ತಿಲ್ಲದೆ ಟೋ ಮಾಡಿಸಿಕೊಂಡು ಹೋಗುವವರೂ ಇದ್ದಾರೆ.

ನೆರೆಯವರ ಗಾಡಿಗೆ ಬರೋಣ. ಕಿವಿ ಇಟ್ಟಾಗ ಎರಡು ಸೆಕೆಂಡಿನ ಸದ್ದು ಬಂತು, ಆದರೆ ಸೋತ ಸದ್ದು. ಗ್ಯಾರೇಜಿನವರು ಬಿಲ್ಲಿನ ಹಿಂದೆ ಬರೆದಿದ್ದರು: ಕನೆಕ್ಟರ್ ಬಿಚ್ಚಿ ಮೀಟರ್ ಹಿಡಿದಾಗ 12.5 ವೋಲ್ಟ್, ವೈರಿಂಗ್ ಸರಿಯಾಗಿದೆ. ಅವರ ಪ್ರಕಾರ ಉಳಿದದ್ದು ಪಂಪು ಮಾತ್ರ. ಆ ಬಿಲ್ಲಿನ ಫೋಟೋ ಮಾವನಿಗೆ ಕಳಿಸಿದೆ. ಕೂಡಲೇ ಫೋನ್ ಬಂತು.

“ಬಿಚ್ಚಿಟ್ಟು ನೋಡಿದ್ರೆ ಇನ್ನೇನಮ್ಮ ತೋರ್ಸುತ್ತೆ ಮೀಟ್ರು?” ಮಾವನಿಗೆ ನಗು. “ಸಂಜೆ ಹೊತ್ತು ನಮ್ಮ ತೋಟದ ಮನೇಲಿ ಬಲ್ಬು ಉರೀತಾ ಇರುತ್ತೆ, ಮೋಟ್ರು ಹಾಕಿದ್ರೆ ಗೂಂ ಅಂತ ಕೂತ್ಬಿಡುತ್ತೆ. ಹಂಗೇ ಇದೂ. ಓಡೋವಾಗ ನೋಡ್ಬೇಕು.”

“ನಾಳೆ ಅದನ್ನೇ ಮಾಡೋದು ಮಾವ.”

“ಅರ್ಥ್ ಕಡೆ ಮರೀಬೇಡ. ಎಲ್ಲಾರೂ ಕೆಂಪು ವೈರೇ ಹುಡುಕ್ತಾರೆ.”

ಬೋರ್‌ವೆಲ್ಲಿನ ಲೋ ವೋಲ್ಟೇಜ್ ಕಂಡವರಿಗೆ ಇದರಾಚೆ ಏನೂ ಹೇಳಬೇಕಿಲ್ಲ, ಆದರೂ ಲೆಕ್ಕ ನೋಡುವುದು ಒಳ್ಳೆಯದು. ಡಿಜಿಟಲ್ ಮೀಟರು ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ತುಕ್ಕು ತಿಂದು ಒಂದೇ ಎಳೆ ತಾಮ್ರ ಉಳಿದಿರುವ ವೈರಿನಲ್ಲೂ ಅದು ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಪಂಪು ಓಡುವಾಗ ಎಳೆಯುವುದು ಸುಮಾರು 5 ಆಂಪಿಯರ್. ದಾರಿಯಲ್ಲಿ ಎಲ್ಲೋ ಅರ್ಧ ಓಮ್ ತಡೆ ಇದ್ದರೆ ಅಲ್ಲೇ ಎರಡೂವರೆ ವೋಲ್ಟ್ ಕರಗುತ್ತದೆ. ಆ ಅರ್ಧ ಓಮನ್ನು ನೇರವಾಗಿ ಅಳೆಯೋಣ ಎಂದರೆ ಸಾಮಾನ್ಯ ಮೀಟರಿನಲ್ಲಿ ಅದರ ಲೀಡುಗಳ ತಡೆಯೇ ಅದಕ್ಕೆ ಹತ್ತಿರ ಇರುತ್ತದೆ, ನಂಬುವಂತಿಲ್ಲ. ಹಾಗಾಗಿ ಓಡುವ ಮೋಟಾರಿನ ಮೇಲೆ ಯಾವ ತುಂಡಿನಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಎಂದು ಹುಡುಕಬೇಕು.

ಈ ಗಾಡಿಯ ಬಾನೆಟ್ಟಿನ ಕೆಳಗೆ ಕಂಪನಿಯವರೇ ಬಿಟ್ಟ ಕೆಂಪು ವೈರಿನ ತುದಿಯೊಂದಿದೆ, ಪಂಪನ್ನು ಪರೀಕ್ಷಿಸಲಿಕ್ಕೆಂದೇ. ಫ್ಯೂಸು ಹಾಕಿದ ಜಂಪರ್ ವೈರಿನಿಂದ ಅದಕ್ಕೆ ಬ್ಯಾಟರಿ ಪಾಸಿಟಿವ್ ಕೊಟ್ಟರೆ ಎಂಜಿನ್ ಚಾಲೂ ಇಲ್ಲದೆಯೇ ಪಂಪು ಓಡುತ್ತದೆ. ಓಡಿಸಿಟ್ಟು, ಕನೆಕ್ಟರನ್ನು ಬಿಚ್ಚದೆ ಅದರ ಹಿಂಬದಿಯಿಂದ ತೆಳುವಾದ ಪಿನ್ನು ತೂರಿಸಿ ಅಳೆದೆ. ಬ್ಯಾಟರಿಯಲ್ಲಿ 12.5. ಪಂಪಿನ ಎರಡು ವೈರುಗಳ ನಡುವೆ 9.7. ಕಾಣೆಯಾದದ್ದು 2.8. ಮೀಟರಿನ ಒಂದು ಲೀಡು ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದು ಪಂಪಿಗೆ ಬರುವ ವೈರಿಗೆ: 0.7. ಒಂದು ಪಂಪಿನ ಕಪ್ಪು ವೈರಿಗೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ: 2.1. ಒಳ್ಳೆಯ ಅರ್ಥಿನಲ್ಲಿ ಇದು 0.2ನ್ನೂ ದಾಟಬಾರದು.

ಸುಳಿವು ಡ್ಯಾಶ್‌ಬೋರ್ಡಿನಲ್ಲೇ ಇತ್ತು. ಪೆಟ್ರೋಲಿನ ಮುಳ್ಳು ಕೆಲವು ತಿಂಗಳಿಂದ ಫುಲ್ಲನ್ನೂ ದಾಟಿ ಆಚೆ ಹೋಗಿ ಕೂರುತ್ತಿತ್ತು. ಮುದುಕರು ಮೈಲಿ ಲೆಕ್ಕದ ಮೇಲೆ ಪೆಟ್ರೋಲು ಹಾಕಿಸುತ್ತಿದ್ದರು. ಈ ಷೆವರ್ಲೆಗಳಲ್ಲಿ ಟ್ಯಾಂಕಿನ ಮಟ್ಟ ತಿಳಿಸುವ ಸೆಂಡರು ಖಾಲಿಯಿದ್ದಾಗ 0 ಓಮ್, ತುಂಬಿದಾಗ 90 ಓಮ್ ತೋರಿಸುವಂಥದ್ದು. ಪಂಪಿಗೂ ಅದಕ್ಕೂ ಒಂದೇ ಅರ್ಥ್. ಆ ಅರ್ಥ್ ಕೆಟ್ಟು, ಪಂಪಿನ ಕರೆಂಟೆಲ್ಲ ಅಲ್ಲೇ ಒತ್ತಿಕೊಂಡು ನಿಂತಾಗ, ಪೆಟ್ರೋಲಿನ ಮುಳ್ಳಿಗೆ ಟ್ಯಾಂಕು ತುಂಬಿ ತುಳುಕುತ್ತಿರುವಂತೆ ಕಾಣುತ್ತದೆ. ಮುಳ್ಳು ಕೆಟ್ಟಿದೆ ಎಂಬ ದೂರನ್ನೂ ಗ್ಯಾರೇಜಿನವರಿಗೆ ಕೊಟ್ಟಿದ್ದರಂತೆ. ಅದಕ್ಕೆ ಬೇರೆ ಎಸ್ಟಿಮೇಟು ಬಂದಿತ್ತು. ಎರಡು ದೂರು ಒಂದೇ ಬೋಲ್ಟಿನದು ಎಂದು ಯೋಚಿಸಲು ಯಾರಿಗೂ ಪುರುಸೊತ್ತಿಲ್ಲ.

ಆ ಬೋಲ್ಟು ಹುಡುಕಲು ಮಲಗಿ ನುಸುಳಬೇಕಾಯಿತು. ಮಿಶಿಗನ್ನಿನ ಗಾಡಿಗಳ ತಳವನ್ನು ನಮ್ಮ ದೇಶದ ಮೆಕ್ಯಾನಿಕ್ ನೋಡಿದರೆ ಸಮುದ್ರದಿಂದ ಎತ್ತಿದ್ದು ಎಂದಾನು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪಿಗೆ ಇಲ್ಲೇನೂ ಬರವಿಲ್ಲ. ಡೆಟ್ರಾಯಿಟ್ ನಗರದ ಕೆಳಗೆ, ಸುಮಾರು 1,200 ಅಡಿ ಆಳದಲ್ಲಿ, ಉಪ್ಪಿನ ಗಣಿಯೇ ಇದೆ. ಚಕ್ರ ಎರಚಿದ ಉಪ್ಪುನೀರು ಚಾಸಿಯ ಸಂದುಗೊಂದುಗಳಲ್ಲಿ ಇಂಗುತ್ತದೆ. ಅರ್ಥ್ ವೈರಿನ ತುದಿಯ ಉಂಗುರ ಟರ್ಮಿನಲ್ಲು ಮೇಲ್ನೋಟಕ್ಕೆ ಬಿಗಿಯಾಗಿಯೇ ಇತ್ತು. ಬೋಲ್ಟು ತಿರುಗಿಸಿದಾಗ ತುಕ್ಕು ಪದರು ಪದರಾಗಿ ಉದುರಿತು. ಟರ್ಮಿನಲ್ಲಿನ ಒಳಗೆ ತಾಮ್ರದ ಎಳೆಗಳು ಹಸಿರು ಹಿಟ್ಟಾಗಿದ್ದವು.

ದುರಸ್ತಿ ದೊಡ್ಡದೇನಲ್ಲ. ಹಸಿರು ಬಂದಷ್ಟು ವೈರು ಕತ್ತರಿಸಿ ಹೊಳೆಯುವ ತಾಮ್ರ ಸಿಗುವವರೆಗೆ ಹೋಗಬೇಕು. ಕಪ್ಪಗಾದ ತಾಮ್ರದ ಮೇಲೆ ಟರ್ಮಿನಲ್ ಒತ್ತಿದರೆ ಮುಂದಿನ ಚಳಿಗಾಲಕ್ಕೆ ಮತ್ತೆ ಅದೇ ಗೋಳು. ಚಾಸಿಯನ್ನು ವೈರ್ ಬ್ರಷ್ಷು, ಉಪ್ಪುಕಾಗದ ಹಾಕಿ ಬಿಳಿ ಲೋಹ ಕಾಣುವವರೆಗೆ ಉಜ್ಜಿ, ಹೊಸ ಟರ್ಮಿನಲ್ ಬಿಗಿದು, ಮೇಲೆ ಧಾರಾಳವಾಗಿ ಗ್ರೀಸು ಬಳಿದೆವು. ಕನೆಕ್ಟರಿನ ಪಿನ್ನುಗಳನ್ನೂ ಉಜ್ಜಿದೆವು, 0.7 ಹೋಗುತ್ತಿದ್ದದ್ದು ಅಲ್ಲಿ. ಮತ್ತೆ ಅಳೆದಾಗ ಪಂಪಿಗೆ ಸಿಗುತ್ತಿದ್ದದ್ದು 12.2. ಸದ್ದೇ ಬೇರೆಯಾಯಿತು. ಪೆಟ್ರೋಲಿನ ಮುಳ್ಳು ಇಳಿದು ಕಾಲು ಟ್ಯಾಂಕಿಗೆ ಬಂತು.

ಪಂಪನ್ನೇ ಬದಲಾಯಿಸಬೇಕಾದ ಸಂದರ್ಭಗಳಿಲ್ಲವೆಂದಲ್ಲ. ವೋಲ್ಟ್ ಪೂರ್ತಿ ಸಿಕ್ಕರೂ ಓಡದೆ, ಟ್ಯಾಂಕಿನ ತಳಕ್ಕೆ ರಬ್ಬರ್ ಸುತ್ತಿಗೆಯಿಂದ ತಟ್ಟಿದಾಗ ಓಡಿದರೆ ಅದರ ಬ್ರಷ್ಷುಗಳ ಆಯಸ್ಸು ಮುಗಿದಿದೆ. ಹೊಸದು ಹಾಕುವಾಗ ಕನೆಕ್ಟರನ್ನೂ ಹೊಸದೇ ಹಾಕಿ; ಬಿಸಿಯಾಗಿ ಸಡಿಲಾದ ಹಳೆಯ ಪಿನ್ನುಗಳು ಹೊಸ ಪಂಪನ್ನೂ ಅರೆಹೊಟ್ಟೆಯಲ್ಲಿಡುತ್ತವೆ. ಫ್ಯೂಸು ಮತ್ತೆ ಮತ್ತೆ ಹೋಗುತ್ತದೆಂದು ದೊಡ್ಡ ಫ್ಯೂಸು ಹಾಕುವುದು ಮಾತ್ರ ಬೇಡವೇ ಬೇಡ, ಆಗ ಸುಡುವುದು ವೈರು. ಪೆಟ್ರೋಲಿನ ಪೈಪು ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿಡಿ, ಕೆಲಸವನ್ನು ಬಯಲಲ್ಲೇ ಮಾಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿಯುತ್ತದೆ. ಅಮೆರಿಕದ ಎಷ್ಟೋ ಮನೆಗಳಲ್ಲಿ ಗ್ಯಾಸಿನ ವಾಟರ್ ಹೀಟರ್ ಇರುವುದು ಗ್ಯಾರೇಜಿನಲ್ಲೇ.

ಗ್ಯಾರೇಜಿನವರು ಬಿಚ್ಚಿ ಕೊಟ್ಟಿದ್ದ ಮೊದಲ ಪಂಪು ನೆರೆಯವರ ಶೆಡ್ಡಿನಲ್ಲಿ ಹಾಗೇ ಬಿದ್ದಿತ್ತು. ಅದೂ ಸರಿಯಾಗಿಯೇ ಇದ್ದಿರಬೇಕಲ್ಲ, ಬ್ಯಾಟರಿಗೆ ಕೊಟ್ಟು ಓಡಿಸಿ ನೋಡೋಣವೇ ಎಂದು ಎತ್ತಿಕೊಂಡು ಬಂದರು. ಬೇಡವೆಂದೆ. ಪೆಟ್ರೋಲಿಲ್ಲದೆ ಒಣಗಿ ಓಡಿದರೆ ಪಂಪು ತೇಯುತ್ತದೆ, ಅದು ಹೋಗಲಿ. ಟ್ಯಾಂಕಿನಿಂದ ಹೊರಬಂದ ಪಂಪಿನೊಳಗೆ ಉಳಿದ ಆವಿಗೆ ಈಗ ಗಾಳಿ ಸೇರಿರುತ್ತದೆ, ಕಿಡಿಯನ್ನು ಬ್ರಷ್ಷು ಕೊಡುತ್ತದೆ. ಅವರು ಅದನ್ನು ಗುಜರಿ ಡಬ್ಬಕ್ಕೆ ಹಾಕಿ, ಹೊಸ ಪಂಪಿನ ಬಿಲ್ಲು ಹಿಡಿದುಕೊಂಡು ಗ್ಯಾರೇಜಿಗೆ ಹೊರಟರು.