ಮರದ ಮದ್ದು, ಮಕ್ಕಳ ಕೈ

ಮೈಸೂರು ನೋಡಲು ಹೊರಟ ನಮ್ಮವರು ಶ್ರೀರಂಗಪಟ್ಟಣಕ್ಕೆ ಹೋಗದೆ ಊರಿಗೆ ಮರಳುವುದುಂಟೇ? ಮೊನ್ನೆ ರಜೆಯಲ್ಲಿ ನಾವೂ ಹೋಗಿದ್ದೆವು. ಗುಂಬಝ್ ನೋಡಿ, ಅಲ್ಲಿಂದ ದರಿಯಾ ದೌಲತ್‌ಗೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಅರಮನೆಯ ಬಹುಪಾಲು ತೇಗದ ಮರ. ಮರದ ವ್ಯಾಪಾರದಲ್ಲೇ ತಲೆ ನರೆತ ನಮ್ಮ ಕಾಕ ಕಂಬಗಳನ್ನೇ ನೋಡುತ್ತಾ ನಿಂತರು. "ಮೋನೆ, ತೇಗದ ತಿರುಳಲ್ಲೇ ಎಣ್ಣೆ ಉಂಟು, ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ. ಈಗಿನ ಮರಕ್ಕೆಲ್ಲ ಮದ್ದು ಬೇಕು" ಎಂದರು.

ಆ ಮದ್ದು ಯಾವುದೆಂದು ನಾವು ಕೇಳುವುದೇ ಇಲ್ಲ. ರಬ್ಬರ್ ಮರಕ್ಕೆ ಸಾಮಾನ್ಯವಾಗಿ ಹಾಕುವುದು ಬೋರಾಕ್ಸ್, ಬೋರಿಕ್ ಆಸಿಡ್. ಅದರ ಅಪಾಯ ಕಡಿಮೆ. ಆದರೆ ಸಿಸಿಎ ಎಂಬ ಇನ್ನೊಂದಿದೆ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಎಂಬ ಪಾಷಾಣ, ಮೂರೂ ಸೇರಿದ್ದು. ಇದನ್ನು ಕಂಡುಹಿಡಿದದ್ದು ನಮ್ಮ ದೇಶದವರೇ. 1933ರಲ್ಲಿ ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ. ಕರೆಂಟ್ ಕಂಬಕ್ಕೆ ಒಳ್ಳೆಯದೇ. ಅಮೆರಿಕದಲ್ಲಿ ಅದೇ ಮರ ಮಕ್ಕಳ ಜಾರುಬಂಡಿ, ಉಯ್ಯಾಲೆಗೂ ಬಂತು. ಪಾಷಾಣ ಸ್ವಲ್ಪಸ್ವಲ್ಪವೇ ಮರದ ಮೈಗೂ ಕೆಳಗಿನ ಮಣ್ಣಿಗೂ ಇಳಿಯುತ್ತದೆ. ಮಗು ಮುಟ್ಟಿದ ಕೈಯನ್ನೇ ಬಾಯಿಗಿಡುತ್ತದೆ. 2003ರ ಕೊನೆಗೆ ಅಲ್ಲಿನ ಕಂಪೆನಿಗಳು ಮನೆಬಳಕೆಯ ಹೆಚ್ಚಿನ ಮರಕ್ಕೆ ಇದನ್ನು ಹಾಕುವುದನ್ನು ಬಿಟ್ಟವು.

ನಮ್ಮಲ್ಲಿ ಉಯ್ಯಾಲೆಗಿಂತ ದೊಡ್ಡ ಚಿಂತೆ ಬಚ್ಚಲ ಒಲೆಯದ್ದು. ಮಿಲ್ಲಿನ ತುಂಡು, ಹಳೆ ಹಲಗೆ, ಮುರಿದ ಬೆಂಚು, ಏನು ಸಿಕ್ಕರೂ ನೀರು ಕಾಯಿಸಲು ಒಲೆಗೆ. ಸಿಸಿಎ ಮರ ಸುಟ್ಟರೆ ಪಾಷಾಣ ಸುಟ್ಟುಹೋಗುವುದಿಲ್ಲ. ಒಂದಷ್ಟು ಹೊಗೆಗೆ, ಉಳಿದದ್ದು ಬೂದಿಗೆ. ಆ ಬೂದಿ ಮತ್ತೆ ಬಸಳೆ ಬುಡಕ್ಕೆ, ಪಾತ್ರೆ ತಿಕ್ಕಲಿಕ್ಕೆ! ಹೊಸದರಲ್ಲಿ ಮರ ಹಸಿರು ಛಾಯೆಯಲ್ಲಿರುತ್ತದೆ, ಬಿಸಿಲು ಮಳೆಗೆ ಬಣ್ಣ ಮಾಸುತ್ತದೆ. ಹಾಗಾಗಿ ಎಲ್ಲಿಂದ ಬಂತೆಂದು ಗೊತ್ತಿಲ್ಲದ ಹಲಗೆ ಒಲೆಗೆ ಬೇಡವೇ ಬೇಡ. ಡಾಂಬರು ವಾಸನೆಯ ಹಳೇ ರೈಲ್ವೆ ಸ್ಲೀಪರ್ ಕೂಡಾ ಅಷ್ಟೆ.

ಸರಕಿನ ಪ್ಯಾಲೆಟ್ ಬಿಚ್ಚಿ ಮಕ್ಕಳ ಮಂಚ, ಮೇಜು ಮಾಡಿಸುವವರು ಮೊದಲು ಮುದ್ರೆ ನೋಡಬೇಕು. 'ಎಚ್‌ಟಿ' ಎಂದಿದ್ದರೆ ಬಿಸಿ ಮಾಡಿದ್ದು. 'ಎಂಬಿ' ಎಂದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಕೊಟ್ಟದ್ದು, ಬಿಟ್ಟುಬಿಡಿ. ಅಂಗಳದಲ್ಲಿ ಹಾಕಿಸಿದ ಸಿಸಿಎ ಬೆಂಚು ಈಗ ತೆಗೆಯಲು ಆಗದಿದ್ದರೆ ವರ್ಷಕ್ಕೊಮ್ಮೆ ಮರದೊಳಗೆ ಇಳಿಯುವ ಎಣ್ಣೆಯ ಸ್ಟೇನ್ ಬಳಿಯಿರಿ, ಉಜ್ಜುಕಾಗದ ಹಾಕಬೇಡಿ, ಧೂಳೇಳುತ್ತದೆ. ಆಡಿ ಬಂದ ಮಕ್ಕಳಿಗೆ ತಿಂಡಿಗೆ ಮೊದಲು ಸೋಪು ಹಾಕಿ ಕೈ ತೊಳೆಸಿ.

ಊರಿಗೆ ಬಂದ ಮರುದಿನವೇ ಉಮ್ಮ ಬಚ್ಚಲ ಮೂಲೆಯ ಗೋಣಿಯನ್ನು ಅಂಗಳಕ್ಕೆ ಸುರಿಸಿದರು. ಮಿಲ್ಲಿನ ತುಂಡುಗಳೆಲ್ಲ ಬೇರೆಯಾದವು. ಈಗ ತೆಂಗಿನ ಮಡಲಿನಲ್ಲೇ ನೀರು ಕಾಯುತ್ತಿದೆ.