ಹೊಗಳಿದ ಒಡೆಯನು ಯಾರು?

ಲೂಕನ ಸುವಾರ್ತೆಯ ಹದಿನಾರನೆಯ ಅಧ್ಯಾಯದ ಆದಿಯಲ್ಲಿ ಬರುವ ಸಾಮ್ಯವು ವ್ಯಾಖ್ಯಾನಕಾರರನ್ನು ಬಹುಕಾಲದಿಂದ ಕಾಡಿದೆ. ಧನಿಕನೊಬ್ಬನಿಗೆ ಒಬ್ಬ ಪಾರುಪತ್ಯಗಾರನಿದ್ದನು. ಅವನು ಆಸ್ತಿಯನ್ನು ಹಾಳುಮಾಡುತ್ತಿರುವನೆಂದು ಯಾರೋ ದೂರಿತ್ತರು. ಲೆಕ್ಕವನ್ನೊಪ್ಪಿಸಿ ಕೆಲಸ ಬಿಡಬೇಕೆಂದು ಧನಿಕನ ಆಜ್ಞೆಯಾಯಿತು. ಅಗೆಯಲು ಬಲವಿಲ್ಲದೆ, ಬೇಡಲು ನಾಚಿದ ಅವನು ಸಾಲಗಾರರನ್ನು ಒಬ್ಬೊಬ್ಬರಾಗಿ ಕರೆದು, ನೂರು ಬಾತ್ ಎಣ್ಣೆಯ ಪತ್ರವನ್ನು ಐವತ್ತಕ್ಕೂ ನೂರು ಕೋರ್ ಗೋದಿಯ ಪತ್ರವನ್ನು ಎಂಬತ್ತಕ್ಕೂ ಅವರ ಕೈಯಿಂದಲೇ ಬರೆಯಿಸಿದನು. ಮುಂದೆ ಅವರಾದರೂ ತನ್ನನ್ನು ಮನೆಗೆ ಸೇರಿಸಿಕೊಂಡಾರೆಂಬುದು ಅವನ ಎಣಿಕೆ. ಕಡೆಗೆ ‘ಒಡೆಯನು’ ಅವನ ಜಾಣ್ಮೆಯನ್ನು ಹೊಗಳಿದನು.

ಪತ್ರವನ್ನು ತಿದ್ದಿಸಿದವನಿಗೆ ಹೊಗಳಿಕೆಯೆ? ದೆಹಲಿಯಲ್ಲಿ ನಮ್ಮ ಕನ್ನಡ ಮಿತ್ರರ ಗೋಷ್ಠಿಯೊಂದರಲ್ಲಿ ಕ್ರೈಸ್ತ ಸ್ನೇಹಿತರೊಬ್ಬರು ಈ ಪ್ರಶ್ನೆಯನ್ನು ನನ್ನ ಮುಂದಿಟ್ಟರು. ಸಾಲಪತ್ರಗಳ ನಡುವೆಯೇ ಆಯುಷ್ಯ ಕಳೆಯುವ ಬ್ಯಾಂಕಿನವನು ಉತ್ತರ ಹೇಳಲಿ ಎಂಬುದು ಅವರ ವಿನೋದ.

ಮೊದಲು ನಿಶ್ಚಯಿಸಬೇಕಾದುದು, ಹೊಗಳಿದವನು ಯಾರೆಂಬುದನ್ನು. ಗ್ರೀಕ್ ಮೂಲದಲ್ಲಿರುವ ಶಬ್ದ ‘ಕುರಿಯೊಸ್’. ಈ ಕಥೆಯಲ್ಲೇ ಅದು ಧನಿಕನಿಗೆ ಸಲ್ಲುತ್ತದೆ. ಹದಿನೆಂಟನೆಯ ಅಧ್ಯಾಯದ ನ್ಯಾಯಾಧಿಪತಿಯ ಸಾಮ್ಯವು ಮುಗಿದೊಡನೆ ಅದೇ ಶಬ್ದ ಕ್ರಿಸ್ತನಿಗೆ ಸಲ್ಲುತ್ತದೆ. ಇಂಗ್ಲೀಷಿನಲ್ಲಿ ಮೊದಲಕ್ಷರವನ್ನು ದೊಡ್ಡದಾಗಿ ಬರೆದರೆ ಕ್ರಿಸ್ತನು, ಚಿಕ್ಕದಾಗಿ ಬರೆದರೆ ಧನಿಕನು. ನಮ್ಮ ಲಿಪಿಗೆ ಆ ಸೌಕರ್ಯವಿಲ್ಲ. ‘ಯಜಮಾನ’ ಎಂದರೆ ಧನಿಕನಾದನು, ‘ಕರ್ತ’ ಎಂದರೆ ಕ್ರಿಸ್ತನಾದನು. ಕನ್ನಡಕ್ಕೆ ತರುವವನು ಶಬ್ದವನ್ನು ಆರಿಸುವಾಗಲೇ ವ್ಯಾಖ್ಯಾನವನ್ನೂ ಮಾಡಿಬಿಡುತ್ತಾನೆ. ಅಲ್ಲದೆ ಮೂಲದಲ್ಲಿ ಉದ್ಧರಣ ಚಿಹ್ನೆಗಳಿಲ್ಲ. ಹೊಗಳಿಕೆಯೂ, ಅದರ ಬೆನ್ನಿಗೇ ಬರುವ ಲೋಕದ ಮಕ್ಕಳ ಜಾಣತನದ ಮಾತೂ ಒಂದೇ ಅವ್ಯಯದಿಂದ ಹೆಣೆದುಕೊಂಡಿವೆ. ಕನ್ನಡದಲ್ಲಾದರೋ ಎಲ್ಲಿಯೋ ಒಂದು ಕಡೆ ‘ಎಂದು’ ಹಾಕಿ ಒಬ್ಬನ ಮಾತನ್ನು ಮುಗಿಸಲೇಬೇಕು.

ಜರ್ಮನ್ ವಿದ್ವಾಂಸ ಯೋಆಖಿಂ ಯೆರೆಮಿಯಾಸರು ಹೊಗಳಿದವನು ಕ್ರಿಸ್ತನೇ ಎಂಬ ಪಕ್ಷದವರು. ನನಗೆ ಅದು ಒಪ್ಪಿಗೆಯಾಗದು. ಮುಂದಿನ ವಾಕ್ಯದಲ್ಲಿ ಕ್ರಿಸ್ತನು ‘ನಾನು ನಿಮಗೆ ಹೇಳುವುದೇನೆಂದರೆ’ ಎಂಬ ಧಾಟಿಯಲ್ಲಿ ಹೊಸದಾಗಿ ಮಾತನ್ನು ತೊಡಗುತ್ತಾನೆ. ಹಿಂದಿನ ವಾಕ್ಯದಲ್ಲಿ ಹೊಗಳಿದವನೂ ಅವನೇ ಆಗಿದ್ದರೆ ಈ ಪೀಠಿಕೆ ಏತಕ್ಕೆ? ಆದ್ದರಿಂದ ಹೊಗಳಿಕೆ ಧನಿಕನದು. ಲೋಕದ ಮಕ್ಕಳ ಮಾತು ಕಥೆಯ ಹೊರಗಿನ ದನಿ.

ಹಾಗಾದರೆ ನಷ್ಟಪಟ್ಟ ಧನಿಕನು ಹೊಗಳಿದ್ದೇಕೆ? ಇಲ್ಲಿ ಕನ್ನಡಿಗರಿಗೆ ಪರಿಚಿತರಾದವರೊಬ್ಬರು ನೆರವಿಗೆ ಬರುತ್ತಾರೆ. 1957ರಲ್ಲಿ ಹೊಯ್ಸಳರ ಇತಿಹಾಸವನ್ನು ಪ್ರಕಟಿಸಿದ ಡಂಕನ್ ಡೆರೆಟ್ಟರು ಹಿಂದೂ ಧರ್ಮಶಾಸ್ತ್ರದಲ್ಲಿ ಪಂಡಿತರು; 1961ರಲ್ಲಿ ಅವರು ಈ ಸಾಮ್ಯವನ್ನು ಕುರಿತು ಲೇಖನವೊಂದನ್ನು ಬರೆದರು. ಮೋಶೆಯ ಧರ್ಮಶಾಸ್ತ್ರವು ಸ್ವಜನರಿಂದ ಬಡ್ಡಿ ತೆಗೆದುಕೊಳ್ಳುವುದನ್ನು ನಿಷೇಧಿಸಿತ್ತು. ಆದಕಾರಣ ಬಡ್ಡಿಯನ್ನು ಅಸಲಿನೊಳಗೆ ಅಡಗಿಸಿ, ಪತ್ರದಲ್ಲಿ ಒಟ್ಟು ಮೊತ್ತವನ್ನೇ ಬರೆಯಿಸುತ್ತಿದ್ದರು. ಪಾರುಪತ್ಯಗಾರನು ಕಡಿತಮಾಡಿದ್ದು ಈ ಬಡ್ಡಿಯನ್ನು ಎಂದು ಅವರ ವಾದ. ಕೊಟ್ಟದ್ದಕ್ಕಿಂತ ಹೆಚ್ಚನ್ನು ಪತ್ರದಲ್ಲಿ ಕಾಣಿಸುವ ಉಪಾಯವು ನಮ್ಮ ಸಾಹುಕಾರರಿಗೂ ಹೊಸದಲ್ಲವಷ್ಟೆ. ಈ ಲೆಕ್ಕದಲ್ಲಿ ಎಣ್ಣೆಗೆ ನೂರಕ್ಕೆ ನೂರು, ಗೋದಿಗೆ ನೂರಕ್ಕೆ ಇಪ್ಪತ್ತೈದು ಬಡ್ಡಿಯಾಯಿತು. ಇಷ್ಟು ಅಂತರವೇಕೆಂದು ಕೇಳುವವರು ಯಾಜ್ಞವಲ್ಕ್ಯಸ್ಮೃತಿಯನ್ನು ನೋಡಬಹುದು. ಅಲ್ಲಿ ಎಣ್ಣೆ ತುಪ್ಪ ಮೊದಲಾದ ರಸದ್ರವ್ಯಗಳು ಎಂಟು ಮಡಿಯವರೆಗೂ, ಧಾನ್ಯವು ಮೂರು ಮಡಿಯವರೆಗೂ ಬೆಳೆಯಬಹುದು. ಅದಕ್ಕೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದವನೇ. ಸಾಮ್ಯದ ಅಂಕಿಗಳನ್ನು ಕಂಡು ಅವನು ಬೆರಗಾಗುತ್ತಿರಲಿಲ್ಲ.

ಧನಿಕನ ಇಕ್ಕಟ್ಟು ಈಗ ವಿಶದವಾಗುತ್ತದೆ. ತಿದ್ದಿದ ಪತ್ರವನ್ನು ತಳ್ಳಿಹಾಕಿದರೆ ತಾನು ಬಡ್ಡಿ ತಿನ್ನುವವನೆಂದು ಊರೆಲ್ಲ ತಿಳಿಯುವುದು. ಒಪ್ಪಿದರೆ ಧರ್ಮಿಷ್ಠನೆಂಬ ಹೆಸರು. ಅವನು ಹೊಗಳಿದನು. 1964ರಲ್ಲಿ ಜೋಸೆಫ್ ಫಿಟ್ಸ್‌ಮೈಯರರು, ಕಡಿತವಾದದ್ದು ಪಾರುಪತ್ಯಗಾರನ ಸ್ವಂತ ದಲ್ಲಾಳಿಯೆಂದು ಬೇರೊಂದು ದಾರಿ ಹಿಡಿದರು. ಆದರೆ ಧನಿಕನಿಗೆ ಸಾಲವೆಷ್ಟೆಂದು ಕೇಳಿದ್ದಕ್ಕೆ ಸಾಲಗಾರರು ನೂರೆಂದೇ ಹೇಳಿದುದರಿಂದ ಅದು ದುರ್ಬಲವೆನಿಸುತ್ತದೆ.

ಇಲ್ಲಿ ಮಾತೇ ಆಡದ ಪಾತ್ರವೂ ಒಂದಿದೆ, ದೂರು ಹೇಳಿದವನು. ದೂರಿದರೆಂಬುದಕ್ಕೆ ಲೂಕನು ಬಳಸಿದ ಗ್ರೀಕ್ ಕ್ರಿಯಾಪದವೂ, ಸೈತಾನನನ್ನು ಸೂಚಿಸುವ ‘ದಿಯಾಬೊಲೊಸ್’ ಶಬ್ದವೂ ಒಂದೇ ಧಾತುವಿನವು; ಚಾಡಿಯ ಅರ್ಥ ಅದಕ್ಕೆ ಅಂಟಿಕೊಂಡೇ ಇದೆ. ದೂರು ನಿಜವೋ ಸುಳ್ಳೋ ಸಾಮ್ಯದಲ್ಲಿ ಎಲ್ಲಿಯೂ ಹೇಳಿಲ್ಲ. ಧನಿಕನು ಲೆಕ್ಕವನ್ನು ನೋಡುವ ಮೊದಲೇ ತೀರ್ಪು ಕೊಟ್ಟನು, ಪಾರುಪತ್ಯಗಾರನು ಎದುರಾಡಲಿಲ್ಲ. ಭೀಮಕವಿಯ ಬಸವಪುರಾಣ (1369) ಮೊದಲಾದವುಗಳ ಪರಂಪರೆಯಲ್ಲಿ ಭಂಡಾರಿ ಬಸವಣ್ಣನ ಮೇಲೂ ಇಂಥದೇ ದೂರು ಬಿಜ್ಜಳನ ಕಿವಿಗೆ ಬಿತ್ತು. ಅಲ್ಲಿ ಭಂಡಾರವನ್ನು ಎಣಿಸಿ ನೋಡಿದರು, ಕೊರತೆ ಕಾಣಲಿಲ್ಲ. ಇಲ್ಲಿ ಎಣಿಸಿದವರಿಲ್ಲ. ಕನ್ನಡ ಬೈಬಲ್ ಈ ಪಾರುಪತ್ಯಗಾರನನ್ನು ‘ಮನೆವಾರ್ತೆಯವನು’ ಎಂದು ಕರೆದಿದೆ. ಶಾಸನಗಳ ಮನೆವೆರ್ಗಡೆಯನ್ನು ನೆನಪಿಗೆ ತರುವ ಸೊಗಸಾದ ಮಾತು. ಅವನಿಗೆ ಅಂಟಿದ ‘ಅನ್ಯಾಯ’ವೆಂಬ ವಿಶೇಷಣವನ್ನೇ ಕ್ರಿಸ್ತನು ಮರುವಾಕ್ಯದಲ್ಲಿ ಧನಕ್ಕೂ ಅಂಟಿಸುತ್ತಾನೆ. ಆದುದರಿಂದ ಆ ಮಾತು ಈ ಒಬ್ಬನ ಕಳ್ಳತನಕ್ಕಿಂತ, ಅವನು ನಿಭಾಯಿಸುತ್ತಿದ್ದ ಬಡ್ಡಿಯ ವ್ಯವಹಾರಕ್ಕೇ ಹೆಚ್ಚು ಅನ್ವಯಿಸುವುದೆಂದು ನನ್ನ ಮತ. ಹಣದಾಸೆಯ ಫರಿಸಾಯರು ಇದನ್ನೆಲ್ಲ ಕೇಳಿ ಗೇಲಿಮಾಡಿದರೆಂದು ಲೂಕನು ಬರೆದಿದ್ದಾನೆ. ಸಾಲಗಾರರು ಅವನನ್ನು ಮನೆಗೆ ಸೇರಿಸಿಕೊಂಡರೋ ಇಲ್ಲವೋ ಬರೆದಿಲ್ಲ.