ದುರಂತ ತೆರೆಯುವ ಕಿಟಕಿ

ಸರ್ಕಾರದ ಮುಂದೆ ಸಾವಿರ ಸಮಸ್ಯೆಗಳಿರುತ್ತವೆ. ಯಾವುದನ್ನು ಮೊದಲು ಎತ್ತಿಕೊಳ್ಳಬೇಕು ಅನ್ನೋದನ್ನ ಎಷ್ಟೋ ಸಲ ದುರಂತವೇ ತೀರ್ಮಾನಿಸುತ್ತದೆ. ಅಮೆರಿಕದ ರಾಜಕೀಯ ವಿಜ್ಞಾನಿ ಜಾನ್ ಕಿಂಗ್ಡನ್ ಇದನ್ನು ‘ನೀತಿಯ ಕಿಟಕಿ’ ಎಂದರು. ಕಿಟಕಿ ತೆರೆದಿರುವುದು ಸ್ವಲ್ಪ ಹೊತ್ತು. ಅಷ್ಟರಲ್ಲಿ ಸಮಸ್ಯೆ, ಪರಿಹಾರ, ರಾಜಕೀಯ ಇಚ್ಛೆ ಮೂರೂ ಕೂಡಿದರೆ ಬದಲಾವಣೆ ಆಗುತ್ತದೆ.

ನಾವಿರುವಲ್ಲೇ ಉದಾಹರಣೆ ಇದೆ. 2024ರ ಏಪ್ರಿಲ್ 16ರ ಮಳೆ ನೆನಪಿದೆಯಲ್ಲ? ಅಲ್ ಐನ್ ಕಡೆ 24 ಗಂಟೆಯೊಳಗೆ 254.8 ಮಿ.ಮೀ. ಸುರಿಯಿತು, 1949ರಿಂದೀಚೆಗಿನ ದಾಖಲೆ ಅದು. ದುಬೈ ರಸ್ತೆಗಳೂ ಮುಳುಗಿದವು. ಜೂನ್‌ನಲ್ಲೇ ಮಳೆನೀರು ಚರಂಡಿಯ ‘ತಸ್ರೀಫ್’ ಯೋಜನೆಗೆ ಒಪ್ಪಿಗೆ ಸಿಕ್ಕಿತು: 30 ಬಿಲಿಯನ್ ದಿರ್ಹಮ್, ಗಡುವು 2033.

ಕಿಟಕಿ ತೆರೆದೂ ಕೆಲಸ ಅರ್ಧಕ್ಕೆ ನಿಂತದ್ದೂ ಉಂಟು. 2010ರ ಮೇ 22ರಂದು ದುಬೈಯಿಂದ ಹೋದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಮರಿಗೆ ಬಿತ್ತು. 158 ಮಂದಿ ತೀರಿಹೋದರು. 2012ರಲ್ಲಿ ಅಪಘಾತಗಳ ತನಿಖೆಗೆಂದೇ ಪ್ರತ್ಯೇಕ ಬ್ಯೂರೋ ಬಂತು. ಟೇಬಲ್‌ಟಾಪ್ ರನ್‌ವೇಗಳ ತುದಿಯಲ್ಲಿ ವಿಮಾನ ತಡೆದು ನಿಲ್ಲಿಸುವ ವ್ಯವಸ್ಥೆ ಬೇಕು ಎಂಬ ಮಾತೂ ಬಂತು. 2020ರ ಆಗಸ್ಟ್ 7ರಂದು ದುಬೈಯದೇ ಇನ್ನೊಂದು ವಿಮಾನ ಕೋಯಿಕ್ಕೋಡ್‌ನಲ್ಲಿ ಹಾಗೇ ರನ್‌ವೇ ದಾಟಿ 21 ಜನ ಸತ್ತಾಗ, ಆ ವ್ಯವಸ್ಥೆ ಅಲ್ಲಿರಲಿಲ್ಲ.

ದುರಂತ ವಿಷಯವನ್ನು ಚರ್ಚೆಗೆ ತರುತ್ತದೆ, ಅಷ್ಟೇ. ಎಷ್ಟು ಹಣ, ಯಾವಾಗ ಮುಗಿಯಬೇಕು, ಯಾರ ಹೊಣೆ ಅಂತ ಜನ ಕೇಳ್ತಾ ಇದ್ದರೆ ಮಾತ್ರ ಅದು ಕೆಲಸವಾಗುತ್ತದೆ. ರಜೆಗೆ ಇದೇ ದಾರಿಯಲ್ಲಿ ಊರಿಗೆ ಹಾರುವ ನಾವೂ ಕೇಳಬೇಕು.